ಮುನಿಯ ಮುಡಿ

ಬಾಗಲೂರು,
೨೨–೫–೧೯೮೩, ಭಾನುವಾರ.

ಪ್ರೀತಿಯ ತಮ್ಮ ಶ್ಯಾಮಣ್ಣನಿಗೆ, ನಿನ್ನ ಅಕ್ಕ ಮನಸಾರೆ ಹರಸಿ ಬರೆಯುವ ಕಾಗದ.

ಮೈಗೆ ಹೇಗಿದೆಯಪ್ಪಾ? ಕಾಲ್ಬೆರಳು ಚಳಿಗೆ ಮರಗಟ್ಟಿ ಬೂಟು ಕಚ್ಚಿದರೂ ಗೊತ್ತಾಗುವುದಿಲ್ಲ ಎಂದು ಹೋದ ಸಲ ನೀನು ಬರೆದಿದ್ದೆ. ಅದನ್ನು ಓದಿದಾಗಿನಿಂದ ಈ ಸುಡುಬಿಸಿಲಿನಲ್ಲಿ ಕೂತು ನಿನ್ನ ಕಾಲ್ಬೆರಳನ್ನೇ ನೆನೆಯುತ್ತಿದ್ದೇನೆ. ಹರಳೆಣ್ಣೆ ಬೆಚ್ಚಗೆ ಮಾಡಿ ಹಚ್ಚಿಕೊ. ಅದು ಸಿಕ್ಕದಿದ್ದರೆ ನಿಮ್ಮ ಅಡುಗೆಯವನ ಹತ್ತಿರ ಸಾಸಿವೆಯೆಣ್ಣೆಯನ್ನಾದರೂ ಕೇಳು. ಚಿಕ್ಕಂದಿನಿಂದಲೂ ನೀನು ಕೇಳುವುದಕ್ಕೆ ಸಂಕೋಚದವನು, ಹಸಿವಾದರೂ ಬಾಗಿಲಲ್ಲಿ ನಿಂತು ಅವ್ವನ ಮುಖ ನೋಡುತ್ತಿದ್ದೆಯೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಮಿಲಿಟರಿಯಲ್ಲಿ ಮುಖ ನೋಡಿ ಬಡಿಸುವವರು ಯಾರಿದ್ದಾರೆ? ನಿನ್ನ ಭಾವನಿಗೆ ಹೊಸೂರಿನ ಕಾರ್ಖಾನೆಯಲ್ಲಿ ಈ ವಾರ ಬೆಳಗಿನ ಪಾಳಿ, ಅವರು ಆರೋಗ್ಯವಾಗಿದ್ದಾರೆ. ನಿನ್ನ ಹೆಂಡತಿ ಚಿಕ್ಕತಾಯಮ್ಮ ಸ್ವಲ್ಪ ಇಳಿದಿದ್ದಾಳೆ. ಮುನಿ ಈಗ ಚೆನ್ನಾಗಿದ್ದಾನೆ. ‘ಈಗ’ ಎಂದು ಬರೆದದ್ದನ್ನು ನೋಡಿ ಗಾಬರಿಯಾಗಬೇಡ. ನಿನ್ನ ಮಗ ಇವತ್ತು ಬೆಳಿಗ್ಗೆ ಎರಡು ಇಡ್ಲಿ ತಿಂದು, ಮೂರನೆಯದನ್ನು ನಾಯಿಗೆ ಹಾಕಿ, ನನ್ನ ಕೈಲಿ ಬೈಸಿಕೊಂಡಿದ್ದಾನೆ.

ಮೊದಲು ಈ ಲಕೋಟೆಯಲ್ಲಿರುವ ಇನ್ನೊಂದು ಕಾಗದದ ವಿಚಾರ ಹೇಳಿಬಿಡುತ್ತೇನೆ. ಅದನ್ನು ಗೋಪಾಲಪ್ಪ ದೊಡ್ಡಪ್ಪ ಹೊಸೂರಿನಲ್ಲಿ ತಮಿಳಿನಲ್ಲಿ ಟೈಪ್ ಮಾಡಿಸಿಕೊಂಡು ಬಂದಿದ್ದಾರೆ. ಕೊನೆಯಲ್ಲಿ ಪೆನ್ಸಿಲಿನ ಗೀಟು ಇರುವ ಕಡೆ ಹುಡುಗನ ತಂದೆ ಎಂದು ನೀನು ಸಹಿ ಮಾಡಿ ಕಳಿಸಬೇಕಂತೆ. ಅದರ ಕೆಳಗೆ ಸಾಕ್ಷಿ ಎಂದು ನನ್ನ ಸಹಿ ಆಗಲೇ ಬಿದ್ದಿದೆ. ನೀನು ಓದಿದ್ದು ಕನ್ನಡ ಇಸ್ಕೂಲಿನಲ್ಲಿ, ತಮಿಳು ಮಾತಾಡುತ್ತೀಯೇ ಹೊರತು ಓದಲು ಬರುವುದಿಲ್ಲ. ಏನಿದೆ ಎಂದು ತಿಳಿಯದೆ ಸಹಿ ಮಾಡಬಾರದು, ಅದಕ್ಕೇ ಬರೆಯುತ್ತಿದ್ದೇನೆ. ಕೆನಡಾ ದೇಶದಿಂದ ಬಂದ ಜೂಡಿ ಎಂಬ ಹುಡುಗಿ ಮಕ್ಕಳ ಕೂಟದ ನೆಪದಲ್ಲಿ, ಹೆತ್ತವರ ಒಪ್ಪಿಗೆಯಿಲ್ಲದೆ, ದೇವರಿಗೆ ಬಿಟ್ಟಿದ್ದ ಹುಡುಗನ ಮುಡಿಯನ್ನು ಬಲವಂತವಾಗಿ ಕತ್ತರಿಸಿ, ಅವನನ್ನು ತನ್ನ ಮತಕ್ಕೆ ಎಳೆಯಲು ನೋಡಿದಳು ಎಂದು ಅದರಲ್ಲಿದೆ. ನಿನ್ನ ಸಹಿ ಬಿದ್ದರೆ ಅದು ಇನ್ಸ್‌ಪೆಕ್ಟರಿಗೆ, ಅಲ್ಲಿಂದ ಕಲೆಕ್ಟರಿಗೆ ಹೋಗುತ್ತದೆ. ಜೂಡಿಯನ್ನೂ ಅವಳ ಜೊತೆಯವರನ್ನೂ ವಾಪಸ್ಸು ಕಳಿಸುತ್ತಾರೆ, ಅವಳು ಮತ್ತೆ ಈ ದೇಶಕ್ಕೆ ಬರುವಂತಿಲ್ಲ, ಮಕ್ಕಳ ಕೂಟ ಮುಚ್ಚಿಹೋಗುತ್ತದೆ. “ತಂದೆ ಮಿಲ್ಟ್ರಿಯೋನು, ಅವನ್ ಸೈನ್ ಬಿದ್ಮೇಲೆ ಯಾವ್ ಆಪೀಸರೂ ಮುಚ್ಚಿಡಕ್ಕಾಗಲ್ಲ” ಎಂದು ದೊಡ್ಡಪ್ಪ ಹೇಳುತ್ತಾರೆ. ನೀನು ಈ ಕಾಗದವನ್ನು ಕೊನೆಯವರೆಗೂ ಓದಿ ಆಮೇಲೆ ಪೆನ್ನು ತೆಗೆ.

ಚಿನ್ನಸ್ವಾಮಿ ಅಯ್ಯನವರು ನಿನಗೆ ಗೊತ್ತಲ್ಲ, ಸೈಕಲ್ಲಿಗೆ ಪುಸ್ತಕದ ಚೀಲವನ್ನೂ ಕೊಡೆಯನ್ನೂ ಕಟ್ಟಿಕೊಂಡು ತಿರುಗುವ ಪಾದ್ರಿ. ಏಪ್ರಿಲ್ ಕೊನೆಯಲ್ಲಿ ಅವರು ಮನೆಗೆ ಬಂದರು. ಕೆನಡಾದಿಂದ ಆರು ಜನ ಹುಡುಗ ಹುಡುಗಿಯರು ಬರುತ್ತಾರೆ, ರಜೆಯಲ್ಲಿ ಇಲ್ಲಿ ಹತ್ತು ದಿನ ಮಕ್ಕಳ ಕೂಟ ನಡೆಸಿ, ಆಮೇಲೆ ಜುಲೈವರೆಗೆ ಸುತ್ತಲ ಹಳ್ಳಿಗಳಲ್ಲೂ ನಡೆಸುತ್ತಾರೆ, ಯಾವ ಜಾತಿಯ ಮಕ್ಕಳಾದರೂ ಬರಬಹುದು, ಹಾಡು, ಆಟ, ಕಥೆ, ಮಧ್ಯಾಹ್ನ ಊಟ, ಅವರ ಮಾತನ್ನು ಮಕ್ಕಳಿಗೆ ಹೇಳುವುದಕ್ಕೆ ನೀವು ಬರಬೇಕು ಎಂದರು. ಮದುವೆಗೆ ಮುಂಚೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡಿನ ಆಯಾ ಆಗಿದ್ದೆನಲ್ಲ, ಆ ನಾಲ್ಕು ವರ್ಷದಲ್ಲಿ ನರ್ಸಮ್ಮಂದಿರಿಂದ ಕಲಿತ ಇಂಗ್ಲಿಷು ಬಾಯಲ್ಲೇ ತುಕ್ಕು ಹಿಡಿದಿತ್ತು. ನಿನ್ನ ಭಾವ ನಕ್ಕುಬಿಟ್ಟರು. “ನಿನ್ ಇಂಗ್ಲೀಸ್ ಕೇಳುದ್ರೆ ಅವ್ರು ಮಾರ್ನೇ ದಿನ್ವೇ ಇಮಾನ ಹತ್ಬುಡ್ತಾರೆ ಕಣೆ” ಎಂದರು. ಅವರ ಬಾಯಿಗೆ ಸಕ್ಕರೆ ಹಾಕಬೇಕೋ ಬೂದಿ ಹಾಕಬೇಕೋ ಈಗ ತಿಳಿಯುತ್ತಿಲ್ಲ.

ನಾನು ಹೋದೆ. ಚರ್ಚಿನ ಪಕ್ಕದಲ್ಲಿ ಚಪ್ಪರ ಹಾಕಿದ್ದರು. ಈ ಕಡೆ ಅರವತ್ತು ಮಕ್ಕಳು, ಆ ಕಡೆ ಆರು ಜನ ಬಿಳಿಯರು, ನಡುವೆ ನಾನು. ಅಯ್ಯನವರು ಪ್ರಾರ್ಥನೆಯನ್ನಷ್ಟೇ ನೋಡಿಕೊಳ್ಳುತ್ತಿದ್ದರು, ಮಿಕ್ಕ ಮಾತೆಲ್ಲ ನನ್ನದೇ. ಅವರು ಹೇಳಿದ್ದನ್ನು ನಾನು ಹೇಳಿದರೆ ಮಕ್ಕಳು ನಗುತ್ತಿದ್ದವು, ಮಕ್ಕಳು ಹೇಳಿದ್ದನ್ನು ನಾನು ಹೇಳಿದರೆ ಅವರು ನಗುತ್ತಿದ್ದರು. ಮಕ್ಕಳಿಲ್ಲದವಳು ಎಂದು ಅರಿಶಿನದ ತಟ್ಟೆ ನನ್ನನ್ನು ದಾಟಿಕೊಂಡು ಹೋಗುವುದನ್ನು ನೋಡಿ ನೋಡಿ ಅಭ್ಯಾಸವಾದ ನನಗೆ, ಎಲ್ಲರೂ ನನ್ನ ಬಾಯನ್ನೇ ನೋಡಿಕೊಂಡು ಕೂತಿರುವುದು ಬಹಳ ಹಿಡಿಸಿತು. ನಿನ್ನ ಹತ್ತಿರ ಮುಚ್ಚಿಡುವುದೇನು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ, ನಾನು ಮನೆಗೆ ಬಂದು ಹಸುವಿನ ಹತ್ತಿರವೂ ಇಂಗ್ಲಿಷು ಮಾತಾಡಿದೆ.

ಜೂಡಿಗೆ ಇಪ್ಪತ್ತು ವರ್ಷ, ಅವರ ದೇಶದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಮುಖದ ತುಂಬ ಕಂದು ಚುಕ್ಕೆ. ಮೊದಲ ದಿನ ಮಕ್ಕಳು ಅದನ್ನು ಉಜ್ಜಿ ನೋಡಿದವು, ಹೋಗುತ್ತದೇನೋ ಎಂದು. ಅವಳು ಮುಖ ಕೊಟ್ಟುಕೊಂಡು ಕೂತಿದ್ದಳು. ಉಣ್ಣೆ ಬಟ್ಟೆ ಹೊದಿಸಿದ ಒಂದು ಹಲಗೆ ತಂದಿದ್ದಳು. ಕಾಗದದ ದೋಣಿ, ಕಾಗದದ ಕುರಿ, ಕುರುಬ, ಏನನ್ನಿಟ್ಟರೂ ಅಂಟಿಲ್ಲದೆ ಅದರ ಮೇಲೆ ನಿಲ್ಲುತ್ತಿತ್ತು. ನಿನ್ನ ಮಗ ಮೂರನೆಯ ದಿನ ಒಂದು ಕುರಿಯನ್ನು ಚಡ್ಡಿಯಲ್ಲಿ ಸೇರಿಸಿಕೊಂಡ. ಜೂಡಿ ನೋಡಿದಳು, ನೋಡದವಳ ಹಾಗೆ ತಿರುಗಿಕೊಂಡಳು. ಎರಡು ವರ್ಷದಲ್ಲಿ ಓದು ಮುಗಿಸಿ, ನಮ್ಮ ಕಡೆಯ ಯಾವುದಾದರೂ ಮಿಷನ್ ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡಿಗೆ ಸೇರಿಕೊಳ್ಳಬೇಕೆಂದು ಅವಳ ಆಸೆ. ತಾಯಿಗೆ ಹಾಗೆಂದು ಬರೆದ ಕಾಗದವನ್ನು ನನಗೆ ಓದಿ ತೋರಿಸಿದಳು. ಅದರಲ್ಲಿ ನನ್ನ ಹೆಸರೂ ಇತ್ತು.

ಇನ್ನು ಮುಡಿಯ ವಿಚಾರ. ಅದು ನಿನ್ನದೇ ಹರಕೆ, ನಿನಗೇ ಹೇಳುವುದು ಹುಚ್ಚುತನ. ಆದರೂ ಜೂಡಿಗೆ ಆಮೇಲೆ ಬಿಡಿಸಿ ಹೇಳಿದ ಹಾಗೆಯೇ ಇಲ್ಲೂ ಬರೆಯುತ್ತೇನೆ. ಮಗುವಿಗೆ ಎಂಟು ತಿಂಗಳಿದ್ದಾಗ ಫಿಟ್ಸು ಬಂದು, ಹೊಸೂರಿನ ಡಾಕ್ಟರು ಕೈ ಚೆಲ್ಲಿದರು. ನೀನು ಅವನನ್ನು ಟವೆಲಿನಲ್ಲಿ ಸುತ್ತಿಕೊಂಡು ಬರುತ್ತಾ, ದಾರಿಯಲ್ಲಿ ಮುನೇಶ್ವರನ ಕಲ್ಲು ಕಂಡದ್ದೇ ಬಸ್ಸು ನಿಲ್ಲಿಸಿ ಇಳಿದೆ. ಈ ಮಗು ಉಳಿದರೆ ಇವನ ಹುಟ್ಟುಗೂದಲನ್ನು ನಿನ್ನ ಎದುರಿಗೇ ಇಳಿಸುತ್ತೇನೆ, ಸೋದರಮಾವನ ತೊಡೆಯ ಮೇಲೆ ಕೂರಿಸಿ, ನಾನೇ ಮುಂದೆ ನಿಂತು ಇಳಿಸುತ್ತೇನೆ, ಅಲ್ಲಿಯವರೆಗೆ ಕತ್ತರಿ ಮುಟ್ಟಿಸುವುದಿಲ್ಲ ಎಂದು ಹೇಳಿಕೊಂಡೆ. ಮಗು ಉಳಿಯಿತು, ದೇವರ ಹೆಸರನ್ನೇ ಇಟ್ಟೆವು. ಆಮೇಲೆ ನೀನು ಮೂರು ಸಲ ರಜೆ ಕೇಳಿದೆ, ಮೂರು ಸಲವೂ ರದ್ದಾಯಿತು. ಚಿಕ್ಕತಾಯಮ್ಮನ ಅಣ್ಣ ಪಾಪಯ್ಯ ಆ ಮೂರು ಸಲವೂ ಹೊಸ ಪಂಚೆ ಉಟ್ಟುಕೊಂಡು ಡೆಂಕಣಿಕೋಟೆಯಿಂದ ಬಂದು, ತೊಡೆ ಖಾಲಿ ಇಟ್ಟುಕೊಂಡು ವಾಪಸ್ಸು ಹೋದ. ನಾಲ್ಕೂವರೆ ವರ್ಷದ ಹುಡುಗನಿಗೆ ಸೊಂಟದವರೆಗೆ ಜಡೆ. ಬೀದಿಯ ಮಕ್ಕಳು ಮುನಿಯಮ್ಮ ಎಂದು ಕೂಗುತ್ತಿದ್ದವು, ಇವನು ಕಲ್ಲು ಬೀರುತ್ತಿದ್ದ.

ಈ ಬೇಸಿಗೆಯ ಸೆಕೆಗೆ ಅವನ ತಲೆಯಲ್ಲಿ ಗುಳ್ಳೆ ಎದ್ದಿತು. ಕೆರೆದು ಕೆರೆದು ಹುಣ್ಣಾಗಿ, ಕೀವು ಕಟ್ಟಿ, ಕೂದಲೆಲ್ಲ ಅಂಟಿಕೊಂಡು ಗಂಟಾಯಿತು. ಚಿಕ್ಕತಾಯಮ್ಮ ಬೇವಿನೆಣ್ಣೆ ಹಚ್ಚಿದಳು, ಸೀಮೆಎಣ್ಣೆ ಹಚ್ಚಿದಳು, ಒಂದಕ್ಕೂ ಬಗ್ಗಲಿಲ್ಲ. ಬಾಚಣಿಗೆ ಕಂಡರೆ ಹುಡುಗ ಮಂಚದ ಕೆಳಗೆ ಸೇರುತ್ತಿದ್ದ. ನಿನಗೆ ಬರೆಯೋಣ ಎಂದರೆ “ಬ್ಯಾಡ ಅಕ್ಕ, ಅಷ್ಟ್ ದೂರ್ದಾಗೆ ಕುಂತು ಅವ್ರೇನ್ ಮಾಡಾರು, ಸುಮ್ನೆ ಸಂಕಟ” ಎಂದಳು. ಅದಕ್ಕೇ ನಿನಗೆ ತಿಳಿಸಲಿಲ್ಲ.

ಕೂಟದ ಎಂಟನೆಯ ದಿನ ತಲೆ ತೊಳೆಯುವುದು ಎಂದು ಇಟ್ಟುಕೊಂಡಿದ್ದರು. ಹೇನಿನ ಔಷಧಿ, ಸೋಪು ಎಲ್ಲ ಅವರೇ ತಂದಿದ್ದರು. ಬೋರಿಂಗ್ ಪಂಪಿನ ಹತ್ತಿರ ಮಕ್ಕಳನ್ನು ಸಾಲಾಗಿ ಕೂರಿಸಿ, ಒಬ್ಬೊಬ್ಬರ ತಲೆಯನ್ನೂ ತೊಳೆದರು. ಅಯ್ಯನವರು ಅವತ್ತು ಕೃಷ್ಣಗಿರಿಗೆ ಹೋಗಿದ್ದರು. ಚಿಕ್ಕತಾಯಮ್ಮ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದಳು, ಅದು ಊರಿಂದ ಒಂದು ಮೈಲಿ. ಮುನಿಯ ಸರದಿ ಬಂತು. ಜೂಡಿ ಜಡೆ ಬಿಚ್ಚಿ, ಗಂಟನ್ನು ಸರಿಸಿ ನೋಡಿ, ಹಾಗೇ ನಿಂತುಬಿಟ್ಟಳು. ಹುಣ್ಣಿನೊಳಗೆ ಹುಳ ಓಡಾಡುತ್ತಿತ್ತು ಶ್ಯಾಮಣ್ಣ, ಬಿಳಿ ಹುಳ. ಹುಡುಗನ ಮೈ ಆಗಲೇ ಬೆಚ್ಚಗಿತ್ತು. ಜೂಡಿ ಏನೋ ಕೇಳಿದಳು, ಮಕ್ಕಳ ಗಲಾಟೆ, ಪಂಪಿನ ಸದ್ದು, ನನಗೆ ಅರ್ಥವಾಗಿ ಬಾಯಿ ತೆಗೆಯುವುದರೊಳಗೆ ಕತ್ತರಿ ಆಡಿ ಮುಡಿ ಕೆಳಗೆ ಬಿದ್ದಿತ್ತು. ಊರಿಗೆಲ್ಲ ನಾನು ಹೀಗೇ ಹೇಳಿದ್ದೇನೆ, ಟೈಪ್ ಮಾಡಿಸಿದ ಕಾಗದದಲ್ಲೂ ಹೀಗೇ ಇದೆ. ಕೆಸರಿನಲ್ಲಿ ಬಿದ್ದ ಕೂದಲನ್ನೆಲ್ಲ ಒಂದೆಳೆಯೂ ಬಿಡದೆ ಸೆರಗಿಗೆ ಆಯ್ದುಕೊಂಡೆ. ಅದೀಗ ಅರಿಶಿನದ ಬಟ್ಟೆಯಲ್ಲಿ ನಿನ್ನ ಮನೆಯ ತೊಲೆಗೆ ಕಟ್ಟಿದೆ.

ಸೊಪ್ಪಿನ ಹೊರೆ ಹೊತ್ತುಕೊಂಡು ಬಂದ ಚಿಕ್ಕತಾಯಮ್ಮ ಅವನನ್ನು ಮೊದಲು ಗುರುತು ಹಿಡಿಯಲಿಲ್ಲ. ಬೋಳುತಲೆ, ಅದರ ತುಂಬ ನೀಲಿ ಔಷಧಿ. ಅವನೇ “ಅವ್ವ” ಎಂದ ಮೇಲೆ ಹೊರೆಯನ್ನು ಅಲ್ಲೇ ಹಾಕಿ ಅವನನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವಳು ಕಿರುಚಾಡಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಮಗುವಿನ ತಲೆಯನ್ನು ಸವರುತ್ತಾ “ಅಕ್ಕ, ನೀನಲ್ಲೇ ಇದ್ದೆ ಅಲ್ವಾ” ಎಂದು ಕೇಳಿದಳು. “ಇದ್ದೆ ಕಣಮ್ಮಿ, ನಾನ್ ತಿರುಗ್ ನೋಡಾದ್ರೊಳ್ಗೆ ಆಗೋಗಿತ್ತು” ಎಂದೆ. ಮತ್ತೆ ಅವಳು ಆ ಮಾತು ತೆಗೆಯಲಿಲ್ಲ.

ಮಾರನೆಯ ದಿನ ಮಧ್ಯಾಹ್ನಕ್ಕೆ ಹುಡುಗನ ಜ್ವರ ಏರಿ, ಕೈಕಾಲು ಸೆಳೆಯತೊಡಗಿತು. ಊರೆಲ್ಲ ಬಾಗಿಲಿಗೆ ಬಂದು ನಿಂತು, ಮುನೇಶ್ವರ ಹಿಡಿದುಕೊಂಡ ಎಂದರು. ಜೂಡಿ ಜನರನ್ನು ನೂಕಿಕೊಂಡು ಒಳಗೆ ಬಂದು, ಮಗುವನ್ನೆತ್ತಿ ಅವರ ಜೀಪಿನಲ್ಲಿ ಹಾಕಿದಳು. ನಾನೂ ಚಿಕ್ಕತಾಯಮ್ಮನೂ ಹತ್ತಿದೆವು. ದಾರಿಯುದ್ದಕ್ಕೂ ಮುನಿ “ಅತ್ತೆ, ಬುಡು, ಅತ್ತೆ ಬುಡು” ಎಂದು ಕನವರಿಸುತ್ತಿದ್ದ. “ನಿನ್ನೇ ಕರೀತಾವ್ನೆ ನೋಡಕ್ಕ, ಈಯಮ್ಮನ್ ಕೈಲಿಂದ ಬುಡ್ಸು ಅಂತಾವ್ನೆ” ಎಂದು ಚಿಕ್ಕತಾಯಮ್ಮ ಅವನನ್ನು ಜೂಡಿಯಿಂದ ಕಿತ್ತುಕೊಂಡು ನನ್ನ ತೊಡೆಯ ಮೇಲೆ ಹಾಕಿದಳು. ಹೊಸೂರು ಆಸ್ಪತ್ರೆಯಲ್ಲಿ ಐದು ದಿನ ಇದ್ದೆವು. ಕೀವಿನ ನಂಜು ರಕ್ತಕ್ಕೆ ಇಳಿದಿತ್ತಂತೆ. ಹಿಂದಿನ ದಿನವೇ ಕೂದಲು ತೆಗೆದು ತೊಳೆದಿದ್ದರಿಂದ ಹುಡುಗ ಬದುಕಿದ ಎಂದು ಡಾಕ್ಟರು ತಮಿಳಿನಲ್ಲಿ ಸ್ಪಷ್ಟವಾಗಿ ಹೇಳಿದರು. ಅದನ್ನು ಊರಿನಲ್ಲಿ ನಾನು ಹೇಳಿದಾಗ ಗೋಪಾಲಪ್ಪ ದೊಡ್ಡಪ್ಪ “ಡಾಕ್ಟ್ರು ಅಂಗೇ ಅನ್ನಾದು, ಕೂದ್ಲು ತೆಗ್ದಿದ್ಕೇ ಅಲ್ವಾ ಜರ ಬಂದಿದ್ದು” ಎಂದರು. ಅವರನ್ನೂ ಪೂರ್ತಿ ಬೈಯುವಂತಿಲ್ಲ. ಎಂಟು ತಿಂಗಳ ಮಗುವನ್ನು ನೀನು ತಂದಾಗ ಬಾಗಿಲಲ್ಲಿ ನಿಂತು ಅತ್ತವರು ಅವರೇ.

ಆಸ್ಪತ್ರೆಯಿಂದ ಬಂದ ಮಾರನೆಯ ದಿನ, ಹಾಲಿನ ಸೊಸೈಟಿಯ ಮುಂದೆ ಪಂಚಾಯ್ತಿ ಸೇರಿಸಿದರು. ಅಯ್ಯನವರನ್ನು ಕರೆಯಲಿಲ್ಲ, ಅವರು ಆ ಕಡೆಯವರು ಎಂದು. ಜೂಡಿಯನ್ನು ಬೆಂಚಿನ ಮೇಲೆ ಕೂರಿಸಿ, ಮಾತು ಹೇಳಲು ನನ್ನನ್ನು ಪಕ್ಕದಲ್ಲಿ ನಿಲ್ಲಿಸಿದರು. “ಯಾರ್ನ ಕೇಳಿ ಕತ್ರಿ ಹಾಕ್ದೆ ಅಂತ ಕೇಳು” ಎಂದರು ದೊಡ್ಡಪ್ಪ. ಕೇಳಿದೆ. ಜೂಡಿ ಸ್ವಲ್ಪ ಹೊತ್ತು ಮಾತಾಡಿದಳು. ಹರಕೆಯ ಕೂದಲು ಎಂದು ಗೊತ್ತಿರಲಿಲ್ಲ, ಅಪ್ಪಣೆಯಿಲ್ಲದೆ ಕತ್ತರಿಸಿದ್ದು ತಪ್ಪಾಯಿತು, ಕ್ಷಮಿಸಿ ಎನ್ನುತ್ತಿದ್ದಾಳೆ ಎಂದು ನಾನು ಹೇಳಿದೆ. ಅಷ್ಟಕ್ಕೆ ಮುಗಿಯುತ್ತದೆ ಎಂದುಕೊಂಡಿದ್ದೆ. ತಪ್ಪನ್ನು ಅವಳೇ ಒಪ್ಪಿಕೊಂಡಳಲ್ಲ, ಇನ್ನೇನು, ಬರೆಯಿಸಿರಿ ಎಂದು ಎದ್ದರು. ಸಾಕ್ಷಿಗೆ ನನ್ನನ್ನೇ ಕರೆದರು. ಊರಿನ ದೊಡ್ಡವರ ಪೈಕಿ ಅಲ್ಲಿ ಇದ್ದವಳು ನಾನೊಬ್ಬಳೇ ಅಲ್ಲವೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವ್ವ ಹೇಳುತ್ತಿದ್ದದ್ದು ಪೆನ್ನು ಹಿಡಿದಾಗ ನೆನಪಿಗೆ ಬಂತು. ಆದರೂ ಸಹಿ ಮಾಡಿದೆ.

ಇದರ ಮೇಲೆ ಇನ್ನೊಂದು ತೊಡಕು. ಮುನೇಶ್ವರನ ಪೂಜಾರಿ ಮುನಿಯಲ್ಲಪ್ಪನನ್ನು ಚಿಕ್ಕತಾಯಮ್ಮ ಕೇಳಿಸಿದಳು. ಅವನು “ಮುಡಿ ಎಲ್ ಬಿತ್ತು ಅನ್ನಾದ್ ದೊಡ್ದಲ್ಲ ತಾಯಿ, ಕೂದ್ಲು ಸಿಕ್ಕೈತಲ್ಲ, ಒಪ್ಪುಸ್ಬೋದು. ಆದ್ರೆ ಇಳ್ಸಿದೋರೇ ಬಂದು, ನಾನ್ ಇಳ್ಸಿದ್ದು ಅಂತ ಸ್ವಾಮಿ ಮುಂದೆ ಬಾಯ್ಬಿಟ್ ಹೇಳಿ, ತಪ್ಪುಗಾಣಿಕೆ ಕಟ್ಬೇಕು. ಬ್ಯಾರೇರು ಕಟ್ಟುದ್ರೆ ನಡೆಯಲ್ಲ” ಎಂದನಂತೆ. ಜೂಡಿಗೆ ಇದನ್ನು ಹೇಳಿದಾಗ, ನನ್ನ ಕೈಯಿಂದ ಆದದ್ದಕ್ಕೆ ನಾನೇ ಬಂದು ನಿಲ್ಲುತ್ತೇನೆ ಎಂದಳು. ಅಯ್ಯನವರು ಕಲ್ಲಿನ ಮುಂದೆ ನಿಲ್ಲಲು ಅವಳನ್ನು ಕಳಿಸುವುದಿಲ್ಲ ಎಂದು ಕೂತಿದ್ದಾರೆ, ಅವರ ನೇಮ ಅವರಿಗೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಡುವೆ ನಿನ್ನ ಹೆಂಡತಿ, ತಪ್ಪುಗಾಣಿಕೆ ಬೀಳುವವರೆಗೂ ಮಗುವಿಗೆ ಮತ್ತೆ ಏನಾಗುತ್ತದೋ ಎಂದು ಹೆದರಿ, ಅವನನ್ನು ಬಿಟ್ಟು ತೋಟಕ್ಕೂ ಹೋಗುತ್ತಿಲ್ಲ. ಅವನು ಸೀನಿದರೆ ಅವಳ ಮುಖ ಬಿಳಿಚಿಕೊಳ್ಳುತ್ತದೆ. ತೊಲೆಯಲ್ಲಿ ಕಟ್ಟಿರುವ ಗಂಟನ್ನು ದಿನಕ್ಕೆ ನಾಲ್ಕು ಸಲ ನೋಡುತ್ತಾಳೆ.

ಕೂಟ ನಿಂತಿದೆ. ಚಪ್ಪರದ ಗರಿ ಒಣಗಿ ಉದುರುತ್ತಿದೆ. ಜೊತೆಯವರೆಲ್ಲ ಬೇರೆ ಹಳ್ಳಿಗಳಿಗೆ ಹೋಗುತ್ತೇವೆಂದರೆ ಅಲ್ಲಿಂದಲೂ ಬರಬೇಡಿ ಎಂದು ಹೇಳಿ ಕಳಿಸಿದ್ದಾರೆ, ಸುದ್ದಿ ಅಷ್ಟು ಬೇಗ ಹರಡಿತು. ಜೂಡಿ ಚರ್ಚಿನ ಮೆಟ್ಟಿಲಿನ ಮೇಲೆ ಕೂತು, ಉಣ್ಣೆ ಹಲಗೆಯ ಚಿತ್ರಗಳನ್ನು ಬಿಡಿಸಿ ಡಬ್ಬಿಗೆ ಹಾಕುತ್ತಿರುತ್ತಾಳೆ, ಮತ್ತೆ ತೆಗೆಯುತ್ತಿರುತ್ತಾಳೆ. ನಮ್ಮ ಮಕ್ಕಳು ದೂರದಿಂದ ನೋಡಿ ಓಡಿಬರುತ್ತವೆ. ಮೊನ್ನೆ ಮುನಿ ಮಾತ್ರ ಅವ್ವನ ಕಣ್ಣು ತಪ್ಪಿಸಿ ಹೋಗಿ, ಕದ್ದಿದ್ದ ಕುರಿಯನ್ನು ಅವಳ ಮಡಿಲಲ್ಲಿ ಹಾಕಿ ಬಂದ. ಅದು ಚಡ್ಡಿಯಲ್ಲಿದ್ದು ಇದ್ದು ಮೂರು ಕಾಲಿನದಾಗಿತ್ತು.

ನಿನ್ನ ಮನಸ್ಸಿಗೆ ಬಂದ ಹಾಗೆ ಮಾಡು. ನೀನು ತಂದೆ, ಹರಕೆಯೂ ನಿನ್ನದೇ. ನಾನು ಇಷ್ಟು ಬರೆದದ್ದು ನಿನಗೆ ಎಲ್ಲ ತಿಳಿದಿರಲಿ ಎಂದು. ನಿನ್ನ ಭಾವ ನಿನ್ನನ್ನು ಬಹಳ ಕೇಳಿದರೆಂದು ತಿಳಿ. ಚಿಕ್ಕತಾಯಮ್ಮ ತಾನು ಬೇರೆ ಏನೂ ಬರೆಸುವುದಿಲ್ಲ, ಬೇಗ ಬನ್ನಿ ಎಂದಷ್ಟೇ ಬರೆಯಿರಿ ಎಂದಳು. ಮುನಿ ತನಗೆ ಒಂದು ಟೋಪಿ ತರಬೇಕಂತೆ, ಮಿಲಿಟರಿಯದೇ ಆಗಬೇಕಂತೆ. ಆ ಮುನೇಶ್ವರ ನಿನ್ನ ಕಾಲಿನ ಬೆರಳಿಂದ ತಲೆಯವರೆಗೂ ಕಾಯಲಿ. ನಾವು ಯಾರು ಏನು ಮಾಡಿದ್ದರೂ ಅದು ನಿನಗೆ ತಟ್ಟದಿರಲಿ.

ಇಂತಿ ನಿನ್ನನ್ನು ಸಾಕಿದ ಅಕ್ಕ,
ವರಲಕ್ಷ್ಮಮ್ಮ

ವಿ.ಸೂ. ಸೋಮವಾರ ಬೆಳಿಗ್ಗೆ, ಬಸ್ ಸ್ಟ್ಯಾಂಡಿನಲ್ಲಿ. ಅಂಟಿಸಿದ್ದ ಲಕೋಟೆಯನ್ನು ಡಬ್ಬಿಗೆ ಹಾಕಲಾರದೆ ಬಿಡಿಸಿದ್ದೇನೆ. ಟಪಾಲಿನ ಬಸ್ಸಿಗೆ ಹತ್ತು ನಿಮಿಷವಿದೆ, ಮೊಣಕಾಲಿನ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ನೆಟ್ಟಗಿಲ್ಲ. ಸಹಿ ಮಾಡಬೇಡ. ಜೂಡಿ ನನ್ನನ್ನು ಕೇಳಿದಳು. ಸ್ಪಷ್ಟವಾಗಿ ಕೇಳಿದಳು, ನನಗೆ ಸ್ಪಷ್ಟವಾಗಿ ಅರ್ಥವಾಯಿತು. ಇದು ಯಾರ ಮಗು, ಕೂದಲು ತೆಗೆಯದಿದ್ದರೆ ಆಗುವುದಿಲ್ಲ, ತಾಯಿಯನ್ನು ಕೇಳಿಕೊಂಡು ಬನ್ನಿ ಎಂದಳು. ಅದರ ಹಿಂದಿನ ದಿನ ತಾನೇ ನಾನು ಅವಳ ಪಕ್ಕ ನಿಂತು ಊರ ಹೆಂಗಸರಿಗೆಲ್ಲ ಹೇನು, ಕೊಳಕು ಎಂದು ಬುದ್ಧಿ ಹೇಳಿದ್ದೆ. ನಮ್ಮ ಮನೆಯ ಹುಡುಗ ಎನ್ನಲು ನಾಚಿಕೆಯಾಗಿ, ಊರಿನ ಯಾವುದೋ ಮಗು ಎಂದೆ. ತೋಟಕ್ಕೆ ಹೋಗಲಿಲ್ಲ. ಹೋಗಿದ್ದರೆ ಚಿಕ್ಕತಾಯಮ್ಮ ಬೇಡ ಎನ್ನುತ್ತಿದ್ದಳು, ನೀನು ಬರುವವರೆಗೆ ಹುಳ ಕಾಯುತ್ತಿರಲಿಲ್ಲ. ಚಪ್ಪರದ ಹಿಂದೆ ಅರ್ಧ ಗಂಟೆ ನಿಂತಿದ್ದು ಬಂದು, ತಾಯಿ ಒಪ್ಪಿದಳು ಎಂದೆ. ಅವನ ಕೂದಲು ತೆಗೆಸಿದ್ದು ತಪ್ಪೆಂದು ಈಗಲೂ ನನಗೆ ಅನ್ನಿಸುತ್ತಿಲ್ಲ. ಆಮೇಲೆ ಆಡಿದ್ದೆಲ್ಲ ತಪ್ಪು. ಪಂಚಾಯ್ತಿಯಲ್ಲಿ ಜೂಡಿ ಹೇಳಿದ್ದು, ತಾಯಿ ಒಪ್ಪಿದ್ದಾಳೆಂದು ಇವರು ಹೇಳಿದರು, ಇವರನ್ನೇ ಕೇಳಿ ಎಂದು. ಅದನ್ನು ನುಂಗಿ ನಾನು ಬೇರೆ ಹೇಳಿದೆ. ಎದ್ದು ಬರುವಾಗ, ನಾನು ಹೇಳಿದ್ದನ್ನು ಅವರಿಗೆ ತಿಳಿಸಿದಿರಾ ಎಂದು ಕೇಳಿದಳು. ಹೂಂ ಎಂದೆ. ಕೈ ಹಿಡಿದುಕೊಂಡು ಥ್ಯಾಂಕ್ಸ್ ಎಂದಳು. ಮುನಿ ನನ್ನ ತಮ್ಮನ ಮಗ ಎಂದು ಆಸ್ಪತ್ರೆಯಲ್ಲಿ ತಿಳಿದಾಗಲೂ ಅವಳು ಏನೂ ಕೇಳಿರಲಿಲ್ಲ.

ಟೈಪ್ ಮಾಡಿಸಿದ ಕಾಗದವನ್ನು ಲಕೋಟೆಯಲ್ಲಿ ಹುಡುಕಬೇಡ, ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೇನೆ. ಇಲ್ಲಿಂದ ಚಿಕ್ಕತಾಯಮ್ಮನ ಹತ್ತಿರ ಹೋಗುತ್ತೇನೆ, ಆಮೇಲೆ ದೊಡ್ಡಪ್ಪನ ಹತ್ತಿರ, ಆಮೇಲೆ ತೊಲೆಯ ಗಂಟು ಬಿಚ್ಚಿಕೊಂಡು ಮುನೇಶ್ವರನ ಹತ್ತಿರ. ಎಷ್ಟು ಸಲ ಹೊರಟು ವಾಪಸ್ಸು ಬಂದಿದ್ದೇನೋ, ಅದಕ್ಕೇ ನಿನಗೆ ಬರೆದುಕೊಡುತ್ತಿದ್ದೇನೆ. ಈ ಕಾಗದ ಬಸ್ಸು ಹತ್ತಿದರೆ ನಾನು ಹೋಗಲೇಬೇಕು. ಬಸ್ಸು ಬಂತು. ಇನ್ನೊಂದೇ ಮಾತು. ಪಾಪಯ್ಯ ಕೂರಬೇಕಾದ ಜಾಗದಲ್ಲಿ ನಾನು ಕೂತಿದ್ದೆ. ಮುನಿ ನನ್ನ ತೊಡೆಯ ಮೇಲಿದ್ದ, ಅಲುಗದ ಹಾಗೆ ಅವನ ತಲೆಯನ್ನು ಎರಡು ಕೈಯಲ್ಲೂ ಒತ್ತಿ ಹಿಡಿದವಳು ನಾನೇ. ಜೀಪಿನಲ್ಲಿ ಅವನು ನನ್ನನ್ನು ಕರೆಯುತ್ತಿರಲಿಲ್ಲ ಶ್ಯಾಮಣ್ಣ, ಬಿಡು ಎಂದು ನನಗೇ ಹೇಳುತ್ತಿದ್ದ.